ಅಂದಾನಪ್ಪ ಮಾಸ್ತರರ ರಿಮಾಸ್ಟರ್

ನಮ್ಮ ಓಣಿಯ ಅಂದಾನಪ್ಪ ಮಾಸ್ತರರು ನಿವೃತ್ತರಾಗಿ ಆರು ವರ್ಷವಾಗಿತ್ತು. ಬೆಟಗೇರಿಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು, ಅವರೊಬ್ಬರನ್ನು ಬಿಟ್ಟು.

ಲಕ್ಷ್ಮೇಶ್ವರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಆಟದ ಮಾಸ್ತರರಾಗಿದ್ದು, ಬೀಳ್ಕೊಡುಗೆಯ ಶಾಲು ಹೊದ್ದು, ಇಲ್ಲಿ ಬಂದು ನೆಲೆಸಿದ್ದರು. ಶಾಲು ಟ್ರಂಕು ಸೇರಿತು. ಕೊರಳಿನ ಸೀಟಿ ಮಾತ್ರ ಕೊರಳಲ್ಲೇ ಉಳಿಯಿತು. ನಳಕ್ಕೆ ನೀರು ಬಂದ ದಿನ ಕೊಡಗಳ ಸಾಲು ಸೊಟ್ಟಾದರೆ ಅವರು ಕಟ್ಟೆಯ ಮೇಲೆ ಕೂತೇ ಒಮ್ಮೆ ಊದುತ್ತಿದ್ದರು. ಸಾಲು ನೆಟ್ಟಗಾಗುತ್ತಿತ್ತು. ಅತ್ತ ಮಗ್ಗದ ಮನೆಗಳಲ್ಲಿ ನೇಯುತ್ತ ಕೂತವರು ಆ ಸದ್ದಿಗೆ ಕೈ ನಿಲ್ಲಿಸಿ, ತಮ್ಮನ್ನು ಕರೆದದ್ದಲ್ಲ ಎಂದು ಖಾತ್ರಿ ಮಾಡಿಕೊಂಡು ಮುಂದುವರಿಸುತ್ತಿದ್ದರು.

ಮಾಸ್ತರರು ಬಿಟ್ಟು ಬಂದ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಜಾಗ ಖಾಲಿ ಇರುವುದಕ್ಕೆ ಸರ್ಕಾರದ ಹತ್ತಿರ ನೂರು ಕಾರಣ ಇದ್ದೀತು. ಮಾಸ್ತರರ ಹತ್ತಿರ ಒಂದೇ ಇತ್ತು.

"ನನ್ನಂಥಾವ ಸಿಗಬೇಕಲ್ಲ," ಅನ್ನುತ್ತಿದ್ದರು. "ಹುಡುಕಾಕತ್ತಾರ. ಸಿಗವಲ್ಲ. ಕಡೀಕ ಈ ಬಾಗಲಿಗೇ ಬರ್ತಾರ, ನೋಡಕೋಂತ ಇರ್ರಿ."

ಪಕ್ಕದ ಮನೆಯ ಹುಚ್ಚೀರಪ್ಪನವರು, ಅವರೂ ನಿವೃತ್ತ ಮಾಸ್ತರರೇ, ಚಿತ್ರಕಲೆಯವರು, ಇದನ್ನು ಆರು ವರ್ಷ ಕೇಳಿದ್ದರು. ನಂಬಿರಲಿಲ್ಲ. ಆದರೆ ಒಂದು ವೇಳೆ ಖರೆ ಆದರೆ ತಮ್ಮ ಗತಿ ಏನು ಎಂಬ ಸಣ್ಣ ಚಿಂತೆ ಅವರಿಗೆ ಇದ್ದೇ ಇತ್ತು.

ಹೀಗಿರುವಾಗ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಇಬ್ಬರು ಬಂದು ಬಾಗಿಲಲ್ಲಿ ನಿಂತರು. ಒಬ್ಬನಿಗೆ ಮೂವತ್ತಾರು ವರ್ಷ, ಗಡ್ಡದಲ್ಲಿ ನಾಲ್ಕು ಬಿಳಿ ಕೂದಲು, ಕೈಯಲ್ಲಿ ಫೈಲು. ಇನ್ನೊಬ್ಬಳು ಇಪ್ಪತ್ತೈದರ ಹುಡುಗಿ, ಹೆಗಲಲ್ಲಿ ಕ್ಯಾಮೆರಾ.

"ಯಾರು?" ಎಂದರು ಮಾಸ್ತರರು.

"ನಾನ್ರಿ ಸರ, ಮೌನೇಶ. ಎರಡು ಸಾವಿರದ ಐದರ ಬ್ಯಾಚ್."

"ಉಗುರು ತೋರ್ಸು."

ಗದಗಿನಲ್ಲಿ ಸ್ವಂತ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡ, ಎರಡು ಮಕ್ಕಳ ತಂದೆಯಾದ ಮೌನೇಶ, ಫೈಲನ್ನು ಕಂಕುಳಲ್ಲಿ ಒತ್ತಿ ಹಿಡಿದು ಹತ್ತೂ ಬೆರಳು ಮುಂದೆ ಚಾಚಿದ. ಮಾಸ್ತರರು ನೋಡಿ ತಲೆ ಆಡಿಸಿದರು. ಹುಡುಗಿ, ಅಂಕಿತಾ ಎಂದು ಅವಳ ಹೆಸರು, ಮುಂಡರಗಿಯವಳು, ಮೌನೇಶನ ಜೊತೆ ಕೆಲಸ ಮಾಡುವವಳು, ಇದನ್ನು ಕಂಡು ತನ್ನ ಕೈಗಳನ್ನು ಮೆಲ್ಲಗೆ ಹಿಂದಕ್ಕೆ ಒಯ್ದಳು.

ಇಬ್ಬರನ್ನೂ ಕೂರಿಸಿ ಬಸವಣ್ಣೆವ್ವ ಅವಲಕ್ಕಿ ಕೊಟ್ಟಳು. ಈಕೆ ಮಾಸ್ತರರ ಹೆಂಡತಿ. ಮೂವತ್ತೆಂಟು ವರ್ಷ ಅವರ ಜೊತೆ ಬಾಳಿ, ಬೇಕಾದಾಗ ಕಿವಿ ಮುಚ್ಚಿಕೊಳ್ಳುವ ವಿದ್ಯೆಯನ್ನು ಸಿದ್ಧಿಸಿಕೊಂಡಿದ್ದಳು.

"ಸರ, ಹಳೇ ಆಟ ಐತಲ್ರಿ," ಎಂದು ಮೌನೇಶ ಶುರು ಮಾಡಿದ.

"ಐತಿ."

"ಅದನ್ನ ಮತ್ತ ಚಾಲೂ ಮಾಡಬೇಕಂತ ಮಾಡೇವ್ರಿ. ರಿಮಾಸ್ಟರ್ ಮಾಡಿ."

ಇಲ್ಲಿ ಸ್ವಲ್ಪ ನಿಲ್ಲಬೇಕು. ಹಳೆಯ ವಿಡಿಯೋ ಗೇಮಿಗೆ ಹೊಸ ಬಣ್ಣ, ಹೊಸ ದನಿ ಹಾಕಿ, ಈಗಿನ ಮೊಬೈಲಿನಲ್ಲಿ ಓಡುವ ಹಾಗೆ ಮಾಡುವುದಕ್ಕೆ ರಿಮಾಸ್ಟರ್ ಅನ್ನುತ್ತಾರೆ. ಮೌನೇಶ ಹೇಳಿದ್ದು ಅದನ್ನೇ. ಹತ್ತನೇ ಇಯತ್ತೆಯಲ್ಲಿದ್ದಾಗ ಅವನು 'ಹುಣಸಿಮರ' ಎಂಬ ಕಂಪ್ಯೂಟರ್ ಆಟ ಬರೆದಿದ್ದ. ಮೂರು ಹುಡುಗರು ಸಾಲಿಯ ಹುಣಸಿಮರ ಹತ್ತಿ ಕಾಯಿ ಕದಿಯಬೇಕು, ಆಟದ ಮಾಸ್ತರ ಸೀಟಿ ಊದುತ್ತ ಛಡಿ ಹಿಡಿದು ಬೆನ್ನು ಹತ್ತುತ್ತಾನೆ, ಸಿಕ್ಕರೆ ಬಸ್ಕಿ. ಇಷ್ಟೇ ಆಟ. ಅದು ಫ್ಲಾಪಿಯಲ್ಲಿ, ಸೀಡಿಯಲ್ಲಿ, ಪೆನ್‌ಡ್ರೈವಿನಲ್ಲಿ ಸಾಲಿಯಿಂದ ಸಾಲಿಗೆ ಹೋಗಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಎಲ್ಲ ಕಂಪ್ಯೂಟರ್ ಕೋಣೆಗಳನ್ನೂ ಸೇರಿತ್ತು. ಹತ್ತು ವರ್ಷ ಮಕ್ಕಳು ಕಂಪ್ಯೂಟರ್ ಕಲಿಯುತ್ತೇವೆಂದು ಹೇಳಿ ಅದನ್ನೇ ಆಡಿದರು. ಅಂದಾನಪ್ಪ ಮಾಸ್ತರರು ಜೀವಮಾನದಲ್ಲಿ ಕಂಪ್ಯೂಟರ್ ಕೋಣೆಯೊಳಗೆ ಕಾಲಿಟ್ಟವರಲ್ಲ. ಆದ್ದರಿಂದ ಇದೊಂದೂ ಅವರಿಗೆ ಗೊತ್ತಿರಲಿಲ್ಲ.

ಅವರ ಕಿವಿಗೆ ಮೌನೇಶನ ಮಾತು ಎರಡು ಶಬ್ದವಾಗಿ ಬಿತ್ತು: ರೀ, ಮಾಸ್ತರ. ಅಂದರೆ ಮರಳಿ ಮಾಸ್ತರ. ಆರು ವರ್ಷ ಇದೊಂದೇ ಸುದ್ದಿಗೆ ಕಾದಿದ್ದ ಕಿವಿ. ಅದರದೇನೂ ತಪ್ಪಿಲ್ಲ.

"ಎಲ್ಲಾ ತಾಲೂಕಿನಾಗೂ ಮಾಡ್ತೀರೇನು?"

"ಎಲ್ಲಾ ಕಡಿ ಮುಟ್ಟತೈತ್ರಿ ಸರ. ಮೊದಲೂ ಮುಟ್ಟಿತ್ತು."

"ಮೊದಲೂ ಮುಟ್ಟಿತ್ತು," ಎಂದು ಮಾಸ್ತರರು ವಲಯ ಮಟ್ಟದ ಕ್ರೀಡಾಕೂಟಗಳನ್ನು ನೆನೆದು ಒಪ್ಪಿದರು.

ಮೌನೇಶ ಅವಲಕ್ಕಿಯ ಪ್ಲೇಟು ಕೆಳಗಿಟ್ಟ. ಇಪ್ಪತ್ತು ವರ್ಷ ಹೇಳಲಾಗದ್ದನ್ನು ಹೇಳುವ ಗಳಿಗೆ ಬಂದಿತ್ತು. "ಸರ, ಅದರಾಗಿನ ಮಾಸ್ತರ... ಅದು... ನೀವ ರಿ."

"ನಾನಲ್ದ ಮತ್ಯಾರು?"

"ನಿಮಗ ಗೊತ್ತಿತ್ತೇನ್ರಿ?"

"ಆರು ವರ್ಷದಿಂದ ಗೊತ್ತೈತಿ."

"ಸಿಟ್ಟಿಲ್ಲೇನ್ರಿ?"

"ತಡಾ ಮಾಡಿದ್ರಿ ಅಂತ ಸಿಟ್ಟೈತಿ."

ಮೌನೇಶ ನಿರಾಳವಾಗಿ ಉಸಿರು ಬಿಟ್ಟು, ಫೈಲಿನಿಂದ ಒಪ್ಪಿಗೆ ಪತ್ರ ತೆಗೆದ. ಅದರಲ್ಲಿ ಹೀಗೆ ಬರೆದಿತ್ತು: 'ಹಳೆಯ ಆಟವನ್ನು ರಿಮಾಸ್ಟರ್ ಮಾಡುವುದಕ್ಕೂ, ಅದರಲ್ಲಿ ಮಾಸ್ತರನಾಗಿ ಮುಂದುವರಿಯುವುದಕ್ಕೂ ನನ್ನ ಸಂಪೂರ್ಣ ಒಪ್ಪಿಗೆ ಇದೆ.' ಇಂಥ ಸ್ಪಷ್ಟವಾದ ಆದೇಶವನ್ನು ಮಾಸ್ತರರು ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ. ಸಹಿ ಮಾಡಿ ಕೆಳಗೆ ಎರಡು ಗೆರೆ ಎಳೆದರು.

"ಮಾರ್ಚ್ ಒಂದಕ್ಕ ರಿಲೀಸ್ ರಿ ಸರ," ಎಂದ ಮೌನೇಶ.

"ರಿಲೀವ್ ಆಗೂದು ಆಮ್ಯಾಲಿನ ಮಾತು. ಹಾಜರ ಆಗೂದು ಎಂದು?"

"ಫೆಬ್ರುವರಿ ಎರಡನೇ ಭಾನುವಾರ ಹುಲಕೋಟ್ಯಾಗ ಸಭಾ ಇಟ್ಟೇವ್ರಿ. ಅಂದು ನೀವು ಬರಬೇಕು. ರಿಮಾಸ್ಟರ್ ಮಾಡಬೇಕೋ ಬ್ಯಾಡೋ ಅಂತ ಮಂದೀನ ಕೇಳೂದೈತಿ."

"ಅದರಾಗ ಕೇಳೂದೇನು?"

"ಹಂಗಲ್ರಿ ಸರ," ಎಂದಳು ಅಂಕಿತಾ. "ಹಳೇದನ್ನ ಮುಟ್ಟಬ್ಯಾಡ್ರಿ, ಹೆಂಗೈತಿ ಹಂಗ ಬಿಡ್ರಿ ಅನ್ನೂ ಮಂದಿ ಭಾಳ ಅದಾರ."

"ಇರ್ತಾರವ್ವ," ಎಂದರು ಮಾಸ್ತರರು ಶಾಂತವಾಗಿ. "ನನ್ನ ಮ್ಯಾಲೆ ಹೊಟ್ಟಿಕಿಚ್ಚಿದ್ದವರು ಆವಾಗೂ ಇದ್ರು."

ಆಮೇಲೆ ಅಂಕಿತಾ ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಮುಂದಿನಿಂದ, ಹಿಂದಿನಿಂದ, ಎರಡೂ ಮಗ್ಗುಲಿನಿಂದ ಫೋಟೋ ತೆಗೆದಳು. ನಡೆಯಿರಿ ಎಂದಳು, ನಡೆದರು. ಓಡಿರಿ ಎಂದಳು, ಓಡಿದರು. ಬಗ್ಗಿರಿ ಎಂದಳು, ಮುಕ್ಕಾಲು ಬಗ್ಗಿದರು. ಗೋಡೆಯ ಆಚೆ ಹುಚ್ಚೀರಪ್ಪನವರ ತಲೆ, ಅದರ ಪಕ್ಕ ಅವರ ಹೆಂಡತಿಯ ತಲೆ, ಅದರ ಪಕ್ಕ ಇನ್ನೂ ಮೂರು ತಲೆ ಕಾಣಿಸಿಕೊಂಡವು.

"ಏನದು, ಅಂದಾನಪ್ಪ?" ಎಂದರು ಹುಚ್ಚೀರಪ್ಪನವರು.

"ಫಿಟ್ನೆಸ್," ಎಂದರು ಮಾಸ್ತರರು, ಏದುಸಿರು ಬಿಡುತ್ತ. "ರೀ-ಮಾಸ್ತರ ಮಾಡಾಕತ್ತಾರ. ಹಳೇ ಆಟ ಎಲ್ಲಾ ಮತ್ತ ಚಾಲೂ. ಸಹಿ ಆತು."

ಹುಚ್ಚೀರಪ್ಪನವರ ತಲೆ ಗೋಡೆಯ ಕೆಳಗೆ ಇಳಿಯಿತು. ಆ ರಾತ್ರಿ ಅವರು ಊಟ ಮಾಡಲಿಲ್ಲ ಎಂದು ಅವರ ಹೆಂಡತಿ ಮರುದಿನ ನಳದ ಹತ್ತಿರ ಹೇಳಿದಳು.

ಹುಚ್ಚೀರಪ್ಪನವರ ವಾದ ಸರಳವಾಗಿತ್ತು. ಆಟಕ್ಕೆ ಮರಳಿ ಮಾಸ್ತರ ಬೇಕಾದರೆ ಚಿತ್ರಕಲೆ ಏನು ಪಾಪ ಮಾಡಿದೆ? ಮಂಗಳವಾರ ಅವರು ಅಂದಾನಪ್ಪನವರನ್ನೂ ಎಳೆದುಕೊಂಡು ಶಿರಹಟ್ಟಿಯ ಬಸ್ಸು ಹತ್ತಿದರು. ಅಲ್ಲಿ ಒಂದು ಕಚೇರಿಗೆ ಹೋದರು. ಯಾವ ಕಚೇರಿ ಎಂದು ನಾನು ಹೇಳುವುದಿಲ್ಲ. ಪಾಪ, ಅಲ್ಲಿಯವರು ತಪ್ಪೇನೂ ಮಾಡಿಲ್ಲ.

ಅಲ್ಲಿನ ಗುಮಾಸ್ತರ ಹೆಸರು ಅಶ್ಫಾಕ ಸಾಹೇಬರು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅವರು ಒಂದು ಪಾಠ ಕಲಿತಿದ್ದರು. ಯಾವ ಯೋಜನೆಯನ್ನು ಇಲ್ಲ ಎಂದು ಹೇಳಿ ಕಳಿಸುತ್ತಾರೋ ಅದು ಮರುದಿನ ಹನ್ನೊಂದು ಗಂಟೆಗೆ ತುರ್ತು ಎಂದು ಬರೆದುಕೊಂಡು ಬರುತ್ತದೆ. ಆದ್ದರಿಂದ ಅವರು ಯಾವುದನ್ನೂ ಇಲ್ಲ ಅನ್ನುತ್ತಿರಲಿಲ್ಲ.

"ರೀ-ಮಾಸ್ತರ," ಎಂದು ಅವರು ಶಬ್ದವನ್ನು ಮೆಲ್ಲಗೆ ಹೇಳಿ ನೋಡಿದರು. "ಹಾಂ. ಆದೇಶ ನಮ್ಮ ಟೇಬಲ್ ತನಕ ಬಂದಿಲ್ಲರಿ."

"ಅಂದ್ರ ಮ್ಯಾಲೆ ಐತಿ," ಎಂದರು ಹುಚ್ಚೀರಪ್ಪನವರು.

"ಮ್ಯಾಲೆ ಇಲ್ಲ ಅಂತ ನಾ ಹೆಂಗ ಹೇಳ್ಲಿ?"

"ಇವರದು ಸಹಿ ಆಗೇತಿ. ಫಿಟ್ನೆಸ್ಸೂ ಆಗೇತಿ."

ಅಶ್ಫಾಕ ಸಾಹೇಬರು ಅಂದಾನಪ್ಪನವರ ಕಡೆ ಗೌರವದಿಂದ ನೋಡಿ ಕುರ್ಚಿ ತರಿಸಿದರು. "ಹಂಗಾದ್ರ ಇವರದು ನೇರ ಮ್ಯಾಲಿಂದ ಆಗಿರಬೇಕು."

"ಚಿತ್ರಕಲಾ?"

"ಚಿತ್ರಕಲಾ ಆಟದ ಹಿಂದ ಬರಬಹುದು. ಒಂದು ಅರ್ಜಿ ಕೊಟ್ಟಿರ್ರಿ."

ಅರ್ಜಿ ಬರೆದು ಕೊಟ್ಟರು. ಅದರ ಪ್ರತಿಯ ಮೇಲೆ ಕಚೇರಿಯ ದುಂಡನೆಯ ಠಸ್ಸೆ ಬಿತ್ತು. ಹುಚ್ಚೀರಪ್ಪನವರು ಅಲ್ಲೇ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಆ ಠಸ್ಸೆಯ ಫೋಟೋ ತೆಗೆದು ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದರು. ಬಸ್ಸು ಗದಗ ಮುಟ್ಟುವುದರೊಳಗೆ ಲಕ್ಷ್ಮೇಶ್ವರದ ಹೊಲಿಗೆ ಟೀಚರು, ಮುಂಡರಗಿಯ ಕಸೂತಿ ಮತ್ತು ಕರಕುಶಲದ ಮಾಸ್ತರರು, ಮತ್ತೆ ಎಪ್ಪತ್ತೊಂಬತ್ತು ವರ್ಷದ ಒಬ್ಬ ಹಿಂದಿ ಪಂಡಿತರು ಫೋನ್ ಮಾಡಿದ್ದರು. ಪಂಡಿತರು ಕೇಳಿದ್ದು ಒಂದೇ ಪ್ರಶ್ನೆ: ಹಾಜರಿಗೆ ಖುದ್ದಾಗಿ ಬರಲೇಬೇಕೋ ಹೇಗೆ.

ಮುಂದಿನ ಮೂರು ವಾರ ನಮ್ಮ ಓಣಿಗೆ ನೆಮ್ಮದಿ ಇರಲಿಲ್ಲ. ಮಾಸ್ತರರು ಬಿಳಿ ಪ್ಯಾಂಟು ಹೊಲಿಸಿದರು, ಬಿಳಿ ಕ್ಯಾನ್ವಾಸ್ ಬೂಟು ತಂದರು. ದಿನಾ ಮುಂಜಾನೆ ಓಣಿಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದರು, ತಮಗೆ ತಾವೇ ಸೀಟಿ ಊದಿಕೊಳ್ಳುತ್ತ. ಮೊದಲ ದಿನ ಮೂರು ನಾಯಿಗಳು ಬೆನ್ನು ಹತ್ತಿದವು. ನಾಲ್ಕನೇ ದಿನ ಅವು ಕಟ್ಟೆಯ ಮೇಲೆ ಮಲಗಿಕೊಂಡು ನೋಡಿದವು.

ಕಳಸಾಪುರದಿಂದ ಬಸವಣ್ಣೆವ್ವಳ ತಮ್ಮ ನಿಂಗಪ್ಪ ಒಂದು ಚೀಲ ಶೇಂಗಾ ಹೊತ್ತು ಬಂದ. "ಮಾವಾರ, ನಮ್ಮೂರ ಸಾಲಿಗೆ ಹಾಕಿಸ್ಕೋರಿ," ಎಂದ. "ನಮ್ಮ ಹುಡುಗೂರಿಗೆ ಓಡಾಕ ಬರಂಗಿಲ್ಲ."

"ಎಲ್ಲಿ ಹಾಕ್ತಾರ ಅನ್ನೂದು ನನ್ನ ಕೈಯಾಗಿಲ್ಲ," ಎಂದರು ಮಾಸ್ತರರು, ಅದು ಪೂರ್ತಿ ತಮ್ಮ ಕೈಯಲ್ಲೇ ಇದೆ ಎಂಬ ದನಿಯಲ್ಲಿ.

ಬಸವಣ್ಣೆವ್ವ ಕೇಳಿದ್ದು ಒಂದೇ ಮಾತು. "ದಿನಾ ಎಷ್ಟು ತಾಸು ಹೊರಗ ಇರ್ತೀರಿ?"

"ಹತ್ತರಿಂದ ಐದು."

ಆಕೆ ಸ್ವಲ್ಪ ಹೊತ್ತು ಗೋಡೆಯನ್ನು ನೋಡಿದಳು. ಮುಖದ ಮೇಲೆ ಒಂದು ಬೆಳಕು ಬಂದು ಹೋಯಿತು. ಮರುದಿನವೇ ಹೋಗಿ ಮಹಿಳಾ ಮಂಡಳದ ಮಧ್ಯಾಹ್ನದ ಹೊಲಿಗೆ ಕ್ಲಾಸಿಗೂ, ಅದು ಮುಗಿದ ಮೇಲಿನ ಭಜನೆಗೂ ಹೆಸರು ಹಚ್ಚಿ ಬಂದಳು.

ಅಂತೂ ಫೆಬ್ರುವರಿಯ ಎರಡನೇ ಭಾನುವಾರ ಬಂತು. ಟಂಟಂ ಗಾಡಿ ಮಾಡಿಕೊಂಡು ನಾವು ಒಂಬತ್ತು ಜನ ಹುಲಕೋಟಿಗೆ ಹೋದೆವು. ಬಿಳಿ ಬಟ್ಟೆಯಲ್ಲಿ ಮಾಸ್ತರರು, ರೇಷ್ಮೆ ಸೀರೆಯಲ್ಲಿ ಬಸವಣ್ಣೆವ್ವ, ಸೇವಂತಿಗೆ ಹಾರ ಹಿಡಿದ ನಿಂಗಪ್ಪ, ಅರ್ಜಿಯ ಪ್ರತಿ ಕಿಸೆಯಲ್ಲಿಟ್ಟುಕೊಂಡ ಹುಚ್ಚೀರಪ್ಪನವರು, ನಾನು, ಮತ್ತೆ ನಾಲ್ವರು ನಿವೃತ್ತ ಮಾಸ್ತರರು. ಹಿಂದಿ ಪಂಡಿತರು ಖುದ್ದಾಗಿ ಬಂದಿದ್ದರು.

ಸಭಾಭವನದಲ್ಲಿ ನೂರೈವತ್ತು ಜನ ಕೂತಿದ್ದರು. ಬಹುತೇಕ ಎಲ್ಲರೂ ಇಪ್ಪತ್ತೈದರಿಂದ ಮೂವತ್ತೈದರೊಳಗಿನವರು. ಬ್ಯಾಂಕಿನವರು, ಔಷಧಿ ಅಂಗಡಿಯವರು, ಕೈಗೂಸು ಎತ್ತಿಕೊಂಡವರು. ಮಾಸ್ತರರು ಬಾಗಿಲಲ್ಲಿ ಕಾಣಿಸಿದ್ದೇ ತಡ, ಹಿಂದಿನ ಸಾಲಿನಲ್ಲಿ ಯಾರೋ "ಬಂದ" ಎಂದ. ಇಡೀ ಸಭೆ ಎದ್ದು ನಿಂತಿತು. ದಾರಿಯ ಬದಿಗಿದ್ದವರು ಕೈ ಹಿಂದೆ ಕಟ್ಟಿಕೊಂಡರು. ಮಾಸ್ತರರು ಎಡಗಾಲಿನ ಹೆಬ್ಬೆರಳನ್ನು ಹೊರಗೆ ತಿರುಗಿಸಿಕೊಂಡು ನಡೆಯುವುದು ನಮಗೆಲ್ಲ ಗೊತ್ತು. ಅವರು ಹಾಗೆ ನಡೆಯುವುದನ್ನು ಕಂಡು ಒಂದೂ ಪರಿಚಯದ ಮುಖವಿಲ್ಲದ ಆ ಸಭೆಯಲ್ಲಿ ಹತ್ತಾರು ಜನ ಒಬ್ಬರನ್ನೊಬ್ಬರು ತಿವಿದರು.

"ನೀವು ಎಲ್ಲಿಯವರು?" ಎಂದು ಮಾಸ್ತರರು ಒಬ್ಬನನ್ನು ಕೇಳಿದರು.

"ಮುಂಡರಗಿಯವ ರಿ ಸರ."

"ನಾ ಮುಂಡರಗ್ಯಾಗ ಎಂದೂ ಕಲಿಸಿಲ್ಲಲ್ಲ."

"ಆದ್ರೂ ನಾವು ನಿಮ್ಮ ಕೈಯಾಗ ಭಾಳ ಸಲ ಸಿಕ್ಕೇವ್ರಿ," ಎಂದ ಅವನು ಭಕ್ತಿಯಿಂದ.

"ಹೆಸರು ಅಲ್ಲೀತನಕ ಹೋಗೇತಿ," ಎಂದರು ಹುಚ್ಚೀರಪ್ಪನವರು. ಹೇಳುವಾಗ ಅವರಿಗೆ ನೋವಾದದ್ದು ಕಾಣುತ್ತಿತ್ತು.

ಮಾಸ್ತರರನ್ನು ವೇದಿಕೆಯ ಮೇಲೆ ಕೂರಿಸಿದರು. ಮೌನೇಶ ಮೈಕಿನ ಮುಂದೆ ನಿಂತು, "ಹಳೇ ಆಟ ರಿಮಾಸ್ಟರ್ ಮಾಡಬೇಕೋ, ಹಂಗ ಬಿಡಬೇಕೋ, ನೀವ ಹೇಳ್ರಿ," ಎಂದು ಕೂತ.

ಮೊದಲು ಎದ್ದವನು ಶಿರಹಟ್ಟಿಯ ತನ್ವೀರ, ಬ್ಯಾಂಕಿನ ಕ್ಯಾಷಿಯರು. "ನನ್ನ ಅಭಿಪ್ರಾಯದಾಗ ರಿಮಾಸ್ಟರ್ ಬ್ಯಾಡ್ರಿ. ಮಾಸ್ತರನ್ನ ಮುಟ್ಟಬ್ಯಾಡ್ರಿ. ಅವನ ಕಾಲ ಮುಗದೈತಿ, ಹೆಂಗಿದ್ದ ಹಂಗ ಇರ್ಲಿ. ಹೊಸ ಅಂಗಿ ತೊಡಿಸಿ ತಂದು ನಿಲ್ಲಿಸಿದ್ರ ಅವ ಆ ಮಾಸ್ತರ ಆಗಂಗಿಲ್ಲ."

ಜೋರಾಗಿ ಚಪ್ಪಾಳೆ ಬಿತ್ತು. ಮಾಸ್ತರರು ತಮ್ಮ ಹೊಸ ಅಂಗಿಯನ್ನು ನೋಡಿಕೊಂಡರು.

ಆಮೇಲೆ ಲಕ್ಷ್ಮೇಶ್ವರದ ಸಬೀನಾ ಎದ್ದಳು. ಈಗ ಆಕೆಯೇ ಒಂದು ಸಾಲಿಯಲ್ಲಿ ಟೀಚರು. "ಮಾಡ್ರಿ. ಆದ್ರ ಛಡಿ ಕಸಗೊಳ್ರಿ. ನನ್ನ ಮಗಳು ಮಾಸ್ತರ ಅಂದ್ರ ಛಡಿ ಅಂತ ಕಲೀಬಾರದು. ನಮ್ಮ ಕಾಲದಾಗ ಅದು ನಗಿ ಮಾತಾಗಿತ್ತು. ಖರೇನ ಅದು ನಗಿ ಮಾತೇನ್ರಿ?"

ಇದಕ್ಕೆ ಚಪ್ಪಾಳೆ ಕಡಿಮೆ ಬಿತ್ತು. ಆದರೆ ಕೆಲವರು ನೆಲ ನೋಡಿದರು.

ಮೂರನೆಯವನು ಕೂತಲ್ಲಿಂದಲೇ, "ಛಡಿ ಹೋದ್ರ ಹೋಗ್ಲಿ, ಹೊಟ್ಟಿ ಇಳಸಬ್ಯಾಡ್ರಿ. ಹೊಟ್ಟಿ ಇಲ್ಲದಿದ್ರ ಅಂವ ಮಾಸ್ತರನ ಅಲ್ಲ," ಎಂದ.

ಮಾಸ್ತರರು ಎದ್ದು ನಿಂತರು. ಮೌನೇಶ ಕೊಡಲು ಹೋದ ಮೈಕನ್ನು ಬದಿಗೆ ಸರಿಸಿದರು. ಮೂವತ್ತೊಂದು ವರ್ಷ ಮೈದಾನದಲ್ಲಿ ಮಾತಾಡಿದವರಿಗೆ ಅದು ಬೇಕಿರಲಿಲ್ಲ.

"ನಾ ಇಲ್ಲೇ ಕುಂತೀನಿ," ಎಂದರು. "ನನ್ನ ಹೊಟ್ಟಿ ವಿಷಯ ನನ್ನ ಮುಂದ ಮಾತಾಡಾಕತ್ತೀರಿ, ಆತು, ಮಾತಾಡ್ರಿ. ಛಡಿ ಬಿಡು ಅಂತ ಸರ್ಕಾರ ಹೇಳಿದ ದಿನಾನ ಬಿಟ್ಟೀನಿ. ಹೊಟ್ಟಿಯಿಂದ ಒಂದು ದಿನಾನೂ ಕೆಲಸ ನಿಂತಿಲ್ಲ. ನನ್ನ ಕಾಲ ಮುಗದೈತಿ ಅಂದಾವ ಯಾರು? ಕಾಲ ಮುಗದೈತೋ ಕಾಲಾಗ ಇನ್ನೂ ಕಸುವೈತೋ ತೋರಸ್ತೀನಿ, ನೋಡ್ರಿ."

ಹೀಗೆಂದು ಅವರು ವೇದಿಕೆಯಿಂದ ಇಳಿದು, ಸೀಟಿಯನ್ನು ಬಾಯಿಗಿಟ್ಟುಕೊಂಡು ಊದಿ, ತನ್ವೀರನ ಸಾಲಿನ ಕಡೆಗೆ ಓಡಿದರು.

ಮುಂದೆ ಆದದ್ದನ್ನು ನಾನು ಕಣ್ಣಾರೆ ಕಂಡೆ, ಇಲ್ಲದಿದ್ದರೆ ನಂಬುತ್ತಿರಲಿಲ್ಲ. ನೂರೈವತ್ತು ಜನ ದೊಡ್ಡವರು ಒಂದೇ ಸಲಕ್ಕೆ ಚದುರಿದರು. ಬ್ಯಾಂಕಿನ ಕ್ಯಾಷಿಯರು ಎರಡು ಕುರ್ಚಿ ಹಾರಿದ. ಔಷಧಿ ಅಂಗಡಿಯವನು ಕುರ್ಚಿಯ ಮೇಲೆ ಹತ್ತಿ ಗೋಡೆಯ ಫ್ಯಾನಿನ ವೈರು ಹಿಡಿದು ನಿಂತ. ಸಬೀನಾ ಟೀಚರು, ಛಡಿಯ ವಿರುದ್ಧ ಅಷ್ಟು ಚೆನ್ನಾಗಿ ಮಾತಾಡಿದವಳು, ಹಿಂದಿ ಪಂಡಿತರ ಬೆನ್ನ ಹಿಂದೆ ಅಡಗಿದಳು. ಪಂಡಿತರು ಯಾತಕ್ಕೂ ಇರಲಿ ಎಂದು ತಮ್ಮ ಉಗುರು ತೋರಿಸಿದರು.

ಈ ಗದ್ದಲದಲ್ಲಿ ಅಂಕಿತಾ ಒಬ್ಬಳೇ ಕೂತ ಜಾಗ ಬಿಟ್ಟಿರಲಿಲ್ಲ. ಜನರ ಗಮನ ಸೆಳೆಯಲೆಂದು ಅವಳು ಪ್ರೊಜೆಕ್ಟರ್ ಹಚ್ಚಿದಳು. ಗೋಡೆಯ ಮೇಲಿನ ಬಿಳಿ ಪರದೆಯಲ್ಲಿ ಹಳೆಯ ಆಟ ಮೂಡಿತು.

ಮಾಸ್ತರರು ಏದುಸಿರು ಬಿಡುತ್ತ ಅದರ ಮುಂದೆ ನಿಂತರು. ಚೌಕ ಚೌಕಗಳ ಒಂದು ಹುಣಸಿಮರ. ಚೌಕ ಚೌಕಗಳ ಒಂದು ಸಾಲಿ. ಸಾಲಿಯ ಬಾಗಿಲಿನಿಂದ ಬೆರಳುದ್ದದ ಒಬ್ಬ ಮನುಷ್ಯ ಹೊರಗೆ ಬಂದ. ಅವನಿಗೆ ದುಂಡನೆಯ ಹೊಟ್ಟೆ. ಕೊರಳಲ್ಲಿ ಹಳದಿ ಚುಕ್ಕೆಯ ಸೀಟಿ. ಎಡಗಾಲನ್ನು ಹೊರಗೆ ತಿರುಗಿಸಿ ನಡೆಯುತ್ತಿದ್ದ.

"ರೀ," ಎಂದಳು ಬಸವಣ್ಣೆವ್ವ ಮುಂದಿನ ಸಾಲಿನಿಂದ. "ಅದು ನೀವ."

ಕುರ್ಚಿ ಹತ್ತಿದವರು ಇಳಿದು ಕೂತರು.

"ಏನಿದು?" ಎಂದರು ಮಾಸ್ತರರು.

"ಆಟ ರಿ ಸರ," ಎಂದ ಮೌನೇಶ, ಕೈ ಹಿಂದೆ ಕಟ್ಟಿಕೊಂಡು.

"ಯಾವ ಆಟ?"

"ಹಳೇ ಆಟ ರಿ. ನಾ ಬರದದ್ದು."

"ಮತ್ತ ರೀ-ಮಾಸ್ತರ?"

"ಅದೂ ಇದ ರಿ. ಇದಕ್ಕ ಹೊಸ ಬಣ್ಣ ಹಚ್ಚೂದು."

"ನೌಕರಿ?"

ಮೌನೇಶ ತಲೆ ತಗ್ಗಿಸಿದ. ಹಾರ ಹಿಡಿದು ಎದ್ದು ನಿಂತಿದ್ದ ನಿಂಗಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಹುಚ್ಚೀರಪ್ಪನವರು, "ಹಂಗಾದ್ರ ಚಿತ್ರಕಲಾ?" ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಮಾಸ್ತರರ ಕಿವಿಗಳು ಕೆಂಪಾಗಿದ್ದವು. ಆ ಬಿಳಿ ಬಟ್ಟೆ, ಆ ಬೂಟು, ಅವನ್ನು ನೋಡಲು ನಮಗೇ ಸಂಕಟವಾಗುತ್ತಿತ್ತು. ಅವರು ಬಾಗಿಲ ಕಡೆ ತಿರುಗುತ್ತಾರೆ ಎಂದುಕೊಂಡೆ. ತಿರುಗಲಿಲ್ಲ. ಪರದೆಯಲ್ಲಿ ಆಟ ತನ್ನಷ್ಟಕ್ಕೆ ನಡೆದಿತ್ತು, ಅವರು ಅದನ್ನೇ ನೋಡುತ್ತಿದ್ದರು. ಮೂರು ಹುಡುಗರು ಮರದಿಂದ ಹಾರಿ ಓಡಿದರು. ಬೆರಳುದ್ದದ ಮಾಸ್ತರ ಬೆನ್ನು ಹತ್ತಿದ. ಹುಡುಗರು ನೀರಿನ ಟಾಕಿಯ ಹಿಂದೆ ಹೋದರು. ಮಾಸ್ತರ ಟಾಕಿಯ ಈಚೆ ಬದಿಗೆ ಬಂದು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಮುಂದೆ ಹೋಗಲಿಲ್ಲ.

"ಅದು ನನ್ನ ತಪ್ಪು ರಿ ಸರ," ಎಂದ ಮೌನೇಶ. "ಆ ವಯಸ್ಸಿನಾಗ ಮಾಸ್ತರನ್ನ ಟಾಕಿ ಸುತ್ತ ತಿರುಗಸೂದು ಹೆಂಗ ಅಂತ ಬರೀಲಿಕ್ಕೆ ನನಗ ಬರಲಿಲ್ಲ. ಟಾಕಿ ಹಿಂದ ಹೋದ್ರ ಸಿಗೂದ ಇಲ್ಲ ಅಂತ ಎಲ್ಲಾ ಹುಡುಗೂರಿಗೂ ಗೊತ್ತಾಗಿಬಿಟ್ಟಿತ್ತು. ಹೊಸದರಾಗ ಸರಿ ಮಾಡೇವ್ರಿ."

ಅಂಕಿತಾ ಹೊಸದನ್ನು ಹಚ್ಚಿದಳು. ಅದರಲ್ಲಿ ಮರದ ಎಲೆ ಎಲೆಯೂ ಬೇರೆಯಾಗಿ ಅಲುಗುತ್ತಿತ್ತು. ಮಾಸ್ತರ ತೆಳ್ಳಗೆ, ಬೆಳ್ಳಗೆ, ಹಲ್ಲು ಕಿಸಿದುಕೊಂಡು ಓಡಿ ಬಂದ. ಕೈಯಲ್ಲಿ ಛಡಿ ಇರಲಿಲ್ಲ. ಟಾಕಿಯನ್ನು ಸುತ್ತು ಹಾಕಿ ಮೂವರನ್ನೂ ಹಿಡಿದು ನಕ್ಕ.

ಸಭೆಯಲ್ಲಿ ಒಂದು ಗೊಣಗಾಟ ಎದ್ದಿತು.

"ಹಳೇದು ಇನ್ನೊಮ್ಮಿ ಹಚ್ಚವ್ವ," ಎಂದರು ಮಾಸ್ತರರು.

ಹಚ್ಚಿದಳು. ಮತ್ತೆ ಚೌಕದ ಮಾಸ್ತರ ಟಾಕಿಯ ತನಕ ಓಡಿ ನಿಂತ.

"ಇದು ಸರಿ ಐತಿ," ಎಂದರು ಅಂದಾನಪ್ಪ ಮಾಸ್ತರರು.

"ಇಲ್ರಿ ಸರ, ಅದು ತಪ್ಪು," ಎಂದ ಮೌನೇಶ.

"ಬರದಾವಗ ಗೊತ್ತೋ, ನಿಂತಾವಗ ಗೊತ್ತೋ? ನಾ ಟಾಕಿ ಹಿಂದ ಎಂದೂ ಹೋಗಿಲ್ಲ."

"ಯಾಕ್ರಿ?"

ಮಾಸ್ತರರು ಸ್ವಲ್ಪ ಯೋಚಿಸಿದರು. ಯಾರೂ ಅವರನ್ನು ಇದನ್ನು ಎಂದೂ ಕೇಳಿರಲಿಲ್ಲ. "ಎಷ್ಟಂತ ಓಡೂದೋ? ಟಾಕಿ ಈಚೆ ಕಡಿ ನೆರಳಿತ್ತು, ನಳ ಇತ್ತು. ನೀರು ಕುಡದು ಒಂದೀಟು ನಿಂತು ಹೋಗ್ತಿದ್ದೆ. ನೀವು ಆಚೆ ಕಡಿ ಕುಂತಿರ್ತಿದ್ರಿ. ಕೆಮ್ಮೂದು ಕೇಳತಿತ್ತು. ಹುಣಸಿಕಾಯಿ ಕಡಿಯೂ ಸಪ್ಪಳಾನೂ ಕೇಳತಿತ್ತು."

ಮೌನೇಶನ ಬಾಯಿ ತೆರೆದೇ ಇತ್ತು. "ನಾವು ತಪ್ಪಿಸ್ಕೊಂಡೇವಿ ಅಂತ ತಿಳಕೊಂಡಿದ್ವಿ ಸರ. ಇಪ್ಪತ್ತು ವರ್ಷದಿಂದ ಹಂಗ ತಿಳಕೊಂಡೇನಿ."

"ತಿಳಕೊಂಡ್ರಿ ಅಂತನ ಮರುದಿನ ಸಾಲಿಗೆ ಬಂದ್ರಿ," ಎಂದರು ಮಾಸ್ತರರು.

ತನ್ವೀರ ಕೂತಲ್ಲಿಂದ ಎದ್ದ. ಎದ್ದವನು ಕೈ ಹಿಂದೆ ಕಟ್ಟಿಕೊಂಡ. ಕೊನೆಗೆ ಕೇಳಿದವಳು ಸಬೀನಾ. "ಹಂಗಾದ್ರ ಏನು ಮಾಡೂದ್ರಿ ಸರ? ಹೊಸದು ಮಾಡೂದೋ, ಬಿಡೂದೋ? ನೀವ ಹೇಳಬೇಕು."

"ನನಗೇನು ತಿಳೀತೈತಿ ಇದರಾಗ," ಎಂದರು ಮಾಸ್ತರರು. ಆಮೇಲೆ, ತಿಳಿಯದವರು ಹೇಳುವ ಹಾಗೆಯೇ, ಪೂರ್ತಿಯಾಗಿ ಹೇಳಿದರು. "ಗಿಡದ ಎಲಿ ಅಲುಗಾಡೂದು ಚಂದ ಐತಿ, ಇರ್ಲಿ. ಛಡಿ ತಗೀರಿ. ಈ ಟೀಚರು ಹೇಳಿದ್ದು ಖರೆ ಐತಿ. ಸರ್ಕಾರ ಹೇಳೂದಕ್ಕಿಂತ ಮೊದಲ ನಾನ ತಗೀಬೇಕಿತ್ತು, ತಗೀಲಿಲ್ಲ. ಆ ಹಲ್ಲು ಕಿಸಿಯೂದು ಬ್ಯಾಡ. ಹುಡುಗೂರ ಬೆನ್ನು ಹತ್ತಿದಾವ ನಗಬಾರದು, ಅದು ಹೊಡೆಯೂದಕ್ಕಿಂತ ಕೆಟ್ಟದ್ದು. ಟಾಕಿ ಹಿಂದ ಮಾತ್ರ ಮಾಸ್ತರನ್ನ ಕಳಸಬ್ಯಾಡ್ರಿ."

"ಹೊಟ್ಟಿ ರಿ ಸರ?" ಎಂದ ಮೂರನೆಯವನು.

"ಇರ್ಲಿ ಬಿಡೋ, ಅದೂ."

ಇಷ್ಟು ಹೇಳಿ ಅವರು ಕೆಳಗೆ ಬಂದು ಬಸವಣ್ಣೆವ್ವಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು, ಬೂಟಿನ ಲೇಸು ಸಡಿಲು ಮಾಡಿಕೊಂಡರು. ಸಭೆ ಅವರು ಹೇಳಿದ್ದನ್ನೇ ಒಪ್ಪಿತು. ಹಳೆಯದನ್ನೂ ಅಳಿಸದೆ ಹೊಸದರ ಜೊತೆಗೇ ಇಡುವುದು, ಯಾರಿಗೆ ಯಾವುದು ಬೇಕೋ ಅದನ್ನು ಆಡಲಿ ಎಂದು ಅಂಕಿತಾ ಬರೆದುಕೊಂಡಳು.

ತಿರುಗಿ ಬರುವಾಗ ಟಂಟಂನಲ್ಲಿ, ಹುಲಕೋಟಿ ದಾಟಿದ ಮೇಲೆ ನಿಂಗಪ್ಪ, "ಹಾರ ಬಾಡತೈತಿ, ಹಾಕ್ಕೋರಿ ಮಾವಾರ," ಎಂದು ಮೆಲ್ಲಗೆ ಅವರ ಕೊರಳಿಗೆ ಹಾಕಿದ. ಮಾಸ್ತರರು ಬೇಡ ಎನ್ನಲಿಲ್ಲ. ಹಿಂದಿ ಪಂಡಿತರು ಮಾತ್ರ ಇಳಿಯುವಾಗ, ಮುಂದಿನ ಹಾಜರಿ ಯಾವಾಗ ಎಂದು ಕೇಳಿ ಹೋದರು. ಅವರಿಗೆ ಕಿವಿ ಸ್ವಲ್ಪ ಮಂದ.

ನಾಲ್ಕು ದಿನ ಮಾಸ್ತರರು ಕಟ್ಟೆಗೆ ಬರಲಿಲ್ಲ. ಓಣಿಯಲ್ಲಿ ಜನ ಎರಡು ಪಂಗಡವಾದರು. ಸರ್ಕಾರ ಅವರಿಗೆ ಮೋಸ ಮಾಡಿತು ಎಂದು ಕೆಲವರು, ಸರ್ಕಾರಕ್ಕೆ ಈ ವಿಷಯವೇ ಗೊತ್ತಿಲ್ಲ ಎಂದು ಕೆಲವರು. ಹುಚ್ಚೀರಪ್ಪನವರು ಎರಡೂ ಕಡೆ ಸೇರಲಿಲ್ಲ. ಅವರ ಅರ್ಜಿ ಶಿರಹಟ್ಟಿಯಲ್ಲಿ ಇನ್ನೂ ಪರಿಶೀಲನೆಯಲ್ಲಿದೆ. ತಿಂಗಳಿಗೊಮ್ಮೆ ಹೋಗಿ ವಿಚಾರಿಸುತ್ತಾರೆ. ಅಶ್ಫಾಕ ಸಾಹೇಬರು ಇಂದಿಗೂ ಇಲ್ಲ ಎಂದಿಲ್ಲ.

ಮಾರ್ಚ್ ಒಂದರಂದು ಅಂಕಿತಾ ಬಂದು ಬಸವಣ್ಣೆವ್ವಳ ಮೊಬೈಲಿನಲ್ಲಿ ಆಟ ಹಾಕಿಕೊಟ್ಟು, ಯಾವ ಬೆರಳು ಎಲ್ಲಿ ಒತ್ತಬೇಕು ಎಂದು ತೋರಿಸಿ ಹೋದಳು. ಆವತ್ತಿನಿಂದ ಮಾಸ್ತರರು ಮತ್ತೆ ಕಟ್ಟೆಗೆ ಬಂದರು, ಕನ್ನಡಕ ಏರಿಸಿಕೊಂಡು, ಮೊಬೈಲನ್ನು ಮೂಗಿನ ಹತ್ತಿರ ಹಿಡಿದುಕೊಂಡು. ಆ ಆಟದಲ್ಲಿ ಮಾಸ್ತರನಾಗಿ ಆಡಲು ಬರುವುದಿಲ್ಲ. ಹುಡುಗನಾಗಿಯೇ ಆಡಬೇಕು. ನಾನು ನೋಡುತ್ತಿದ್ದ ಹಾಗೆ ಅವರು ಒಂದೇ ಮಧ್ಯಾಹ್ನದಲ್ಲಿ ಮೂವತ್ತೆರಡು ಸಲ ಸಿಕ್ಕಿಬಿದ್ದು ಬಸ್ಕಿ ಹೊಡೆದರು.

"ಈ ಮಾಸ್ತರಗ ಬುದ್ಧಿ ಇಲ್ಲ," ಎಂದು ಅವರು ಹೆಂಡತಿಗೆ ದೂರು ಹೇಳಿದರು. "ಒಂದು ಹುಣಸಿಕಾಯಿ ಸಲುವಾಗಿ ಇಷ್ಟು ಬೆನ್ನು ಹತ್ತೂದ? ಉಸಿರು ಬಿಡಾಕ ಕೊಡವಲ್ಲ."

"ತರ್ರಿ ಇಲ್ಲೆ," ಎಂದು ಬಸವಣ್ಣೆವ್ವ ಮೊಬೈಲು ಇಸಿದುಕೊಂಡು ಹೊಸ್ತಿಲ ಮೇಲೆ ಕೂತಳು. ಆಕೆಯ ಹೆಬ್ಬೆರಳು ಎರಡು ಸಲ ಅತ್ತ, ಒಂದು ಸಲ ಇತ್ತ ಆಡಿತು, ಆಟದ ಹುಡುಗ ನೀರಿನ ಟಾಕಿಯ ಕಡೆ ಓಡಿದ. ಮಾಸ್ತರರು ಆಕೆಯ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಸಿಕ್ಕಿ?"

"ಇಲ್ಲ."

"ಈಗ?"

"ಇಲ್ಲ."

"ಅಂವ ಹಿಂದ ಬಂದ ನೋಡು."

"ಬರ್ಲಿ," ಎಂದಳು ಬಸವಣ್ಣೆವ್ವ, ತಲೆ ಎತ್ತದೆ. "ಒಲಿ ಮ್ಯಾಲೆ ಅನ್ನಕ್ಕ ಇಟ್ಟೀನಿ. ಹೊತ್ತೀತು, ಹೋಗಿ ನೋಡ್ರಿ."

ಮಾಸ್ತರರು ಒಳಗೆ ಹೋದರು.